ಖಾಲಿ ಸ್ಟೂಲುಗಳಿಗೆ ಹೊಡೆದ ಗಂಟೆ

ಒಂಬತ್ತು ವಾರ ಹಾಸಿಗೆ ಹಿಡಿದಿದ್ದ ಯಜಮಾನರು ಆ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಐದು ನಿಮಿಷ ಇರುವಾಗ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಊರುಗೋಲು ಹಿಡಿದು, ಯಾರಿಗೂ ಹೇಳದೆ ಮೆಟ್ಟಿಲಿಳಿಯತೊಡಗಿದರು. ಹೇಳಿದ್ದರೆ ಮನೆಮಂದಿಯೆಲ್ಲ ಸುತ್ತುಗಟ್ಟಿ "ಇನ್ನೊಂದು ವಾರ ಕಳೀಲಿ" ಎಂದು ಮತ್ತೆ ಮಂಚಕ್ಕೇ ಕಳಿಸುತ್ತಿದ್ದರು. ಹಿಂದಿನ ಎರಡು ಸೋಮವಾರ ಆದದ್ದೂ ಅದೇ. ತನ್ನ ಕಾಲಿನ ಮೇಲೆ ಮನೆಯವರಿಗೆ ಎಷ್ಟೊಂದು ಅಕ್ಕರೆ ಎಂದು ಅವರು ಒಳಗೊಳಗೇ ಹಿಗ್ಗಿದ್ದರು, ಪಾಪ.

ಮನೆ ಮೇಲೆ, ಲ್ಯಾಬು ಕೆಳಗೆ. ಹಲ್ಲಿನ ಲ್ಯಾಬು. ಹಲ್ಲು ಕೀಳುವ ಜಾಗವಲ್ಲ ಅದು, ಕಿತ್ತ ಮೇಲೆ ಬೇಕಾಗುವ ಹಲ್ಲನ್ನು ಮಾಡುವ ಜಾಗ. ಡಾಕ್ಟರುಗಳು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಇಲ್ಲಿ ಅದಕ್ಕೆ ಪ್ಲಾಸ್ಟರ್ ಹೊಯ್ದು, ಮೇಣದಲ್ಲಿ ತಿದ್ದಿ, ಪಿಂಗಾಣಿ ಪುಡಿಯನ್ನು ಕುಂಚದಿಂದ ಪದರ ಪದರವಾಗಿ ಹಚ್ಚಿ, ಕುಲುಮೆಯಲ್ಲಿ ಸುಟ್ಟು, ಮೋಟಾರಿಗೆ ಹಿಡಿದು ಪಾಲಿಶ್ ಮಾಡಿ ಕಳಿಸುತ್ತಾರೆ. ಏಳು ಸ್ಟೂಲು, ಏಳು ಜನ, ಒಂದೇ ಕುಲುಮೆ. ಬಾಗಿಲ ಪಕ್ಕ ತೂಗುಹಾಕಿದ ಹಿತ್ತಾಳೆಯ ಗಂಟೆ, ಅದನ್ನು ಬಾರಿಸಲು ಮರದ ಸುತ್ತಿಗೆ.

ಇಪ್ಪತ್ತಾರು ವರ್ಷದಿಂದ ಒಂಬತ್ತಕ್ಕೆ ಒಂಬತ್ತು ಏಟು, ಆರಕ್ಕೆ ಆರು ಏಟು. ಹತ್ತು ನಿಮಿಷ ತಡವಾಗಿ ಬಂದವರಿಗೆ ಅರ್ಧ ದಿನ ಕಟ್. ಆರಕ್ಕೆ ಮೊದಲು ಸ್ಟೂಲು ಬಿಟ್ಟರೂ ಅಷ್ಟೆ. ಕೆಲಸದವರು ಬೆನ್ನ ಹಿಂದೆ ಅವರನ್ನು ಗಂಟೆಯಪ್ಪ ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು, ಗೊತ್ತಿದ್ದೂ ಮೀಸೆಯಲ್ಲೇ ನಗುತ್ತಿದ್ದರು. ಕಾಲು ಮುರಿದುಕೊಂಡದ್ದೂ ಗಂಟೆಯ ದೆಸೆಯಿಂದಲೇ. ಒಂಬತ್ತಕ್ಕೆ ಒಂದು ನಿಮಿಷವಿದೆ ಎಂದು ಮೂರು ಮೂರು ಮೆಟ್ಟಿಲು ದಾಟಲು ಹೋಗಿ ಜಾರಿ ಬಿದ್ದರು. ಬಿದ್ದವರು ಅಯ್ಯೋ ಎನ್ನಲಿಲ್ಲ. "ಯಾರಾದ್ರೂ ಗಂಟೆ ಹೊಡೀರೋ!" ಎಂದು ಕೂಗಿದರು.

ಅಂದಿನಿಂದ ಗಂಟೆ ಒಂದು ದಿನವೂ ತಪ್ಪಿರಲಿಲ್ಲ. ಮಂಚದ ಮೇಲೆ ಮಲಗಿ ದಿನವೂ ಎಣಿಸುತ್ತಿದ್ದರು, ಒಂಬತ್ತಕ್ಕೆ ಒಂಬತ್ತು, ಆರಕ್ಕೆ ಆರು. ನೋಡಲು ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು: "ನಾನಿಲ್ದಿದ್ರೂ ನಡೀತಾ ಇದೆ ನೋಡಿ. ಶಿಸ್ತು ಅಂದ್ರೆ ಇದು." ಕಳೆದ ತಿಂಗಳು ನಾಲ್ಕು ಕ್ಲಿನಿಕ್ಕಿನ ಡಾಕ್ಟರಮ್ಮ ಫೋನು ಮಾಡಿ, "ಏನ್ರೀ ಮಾಡಿದ್ರಿ? ನಿಮ್ಮ ಹಲ್ಲು ಒಂದೂ ವಾಪಸ್ ಕಳಿಸೋ ಹಾಗಿಲ್ಲ, ಹೇಳಿದ ದಿನಕ್ಕಿಂತ ಮೊದಲೇ ಬರ್ತಿದೆ" ಎಂದಾಗ ಯಜಮಾನರು ಮುರಿದ ಕಾಲಲ್ಲೇ ಎದ್ದು ನಿಲ್ಲುವುದೊಂದು ಬಾಕಿ. ಲ್ಯಾಬಿನ ಅರ್ಧ ಕೆಲಸ ಆಕೆಯ ಆ ನಾಲ್ಕು ಕ್ಲಿನಿಕ್ಕುಗಳಿಂದಲೇ ಬರುತ್ತಿತ್ತು.

ಅವರು ನಡುಮೆಟ್ಟಿಲಲ್ಲಿರುವಾಗ ಗಂಟೆ ಮೊಳಗಿತು. ಒಂದು, ಎರಡು, ಮೂರು. ಕಣ್ಣು ಮುಚ್ಚಿ ಒಂಬತ್ತನ್ನೂ ಕೇಳಿ, ಅಂಗಿ ಸರಿಮಾಡಿಕೊಂಡು, ಬಾಗಿಲು ತಳ್ಳಿದರು.

ಒಳಗೆ ಅವರ ಹೆಂಡತಿ ನಿಂತಿದ್ದರು. ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದು ಕೈಯಲ್ಲಿ ಅಡುಗೆಮನೆಯ ಸೌಟು. ಏಳು ಸ್ಟೂಲುಗಳಲ್ಲಿ ಆರು ಖಾಲಿ. ಉತ್ತರದ ಕಿಟಕಿಯ ಹತ್ತಿರ ಪಿಂಗಾಣಿಯಕ್ಕ ಒಬ್ಬಳೇ ಕೂತು ಕುಂಚ ಆಡಿಸುತ್ತಿದ್ದಳು. ಪಿಂಗಾಣಿ ಹಚ್ಚುವವಳಾದ್ದರಿಂದ ಆಕೆಗೆ ಆ ಹೆಸರು, ಲ್ಯಾಬಿನಲ್ಲಿ ಆಕೆಯಂಥ ಕೈ ಇನ್ನೊಂದಿಲ್ಲ.

ಯಜಮಾನರಿಗೆ ಗರ ಬಡಿದಂತಾಯಿತು. ಮತ್ತೆ ಆರು ಸ್ಟೂಲುಗಳನ್ನೂ ಒಂದೊಂದಾಗಿ ಎಣಿಸಿದರು.

"ಏನೇ ಇದು?"

"ನೀವ್ಯಾಕೆ ಇಳಿದು ಬಂದ್ರಿ? ಡಾಕ್ಟ್ರು ಮೆಟ್ಟಿಲು ಬೇಡ ಅಂದಿಲ್ವಾ?" ಹೆಂಡತಿ ಸುತ್ತಿಗೆಯನ್ನು ಬೆನ್ನ ಹಿಂದೆ ಬಚ್ಚಿಟ್ಟರು. ಗಾಬರಿಯಲ್ಲಿ ಸೌಟು ಮುಂದೆಯೇ ಉಳಿಯಿತು.

"ಗಂಟೆ ಯಾರಿಗೆ ಹೊಡೆದೆ?"

"ನಿಮಗೇ ರೀ."

"ನನಗಾ?"

"ಮತ್ತಿನ್ಯಾರಿಗೆ? ಗಂಟೆ ಕೇಳದಿದ್ರೆ ನಿಮಗೆ ಬಿ.ಪಿ. ಏರುತ್ತೆ. ಒಲೆ ಮೇಲೆ ಹಾಲಿಟ್ಟು ಓಡಿ ಬರ್ತೀನಿ ದಿನಾ. ಒಂಬತ್ತು ವಾರದಲ್ಲಿ ಎಷ್ಟು ಸಲ ಹಾಲು ಉಕ್ಕಿದೆ ಗೊತ್ತಾ ನಿಮಗೆ?"

ಅಷ್ಟರಲ್ಲಿ ಮಗಳನ್ನು ಶಾಲೆಗೆ ಬಿಟ್ಟು ಸೊಸೆ ಬಂದಳು. ಅಚ್ಚುಗಳ ಲೆಕ್ಕ, ಕೆಲಸದ ಹಂಚಿಕೆ, ಡಾಕ್ಟರುಗಳ ಫೋನು ಎಲ್ಲ ಅವಳದೇ. ಮಾವನನ್ನು ಬಾಗಿಲಲ್ಲಿ ಕಂಡವಳೇ ಹೊಸಿಲಲ್ಲೇ ನಿಂತುಬಿಟ್ಟಳು.

"ಎಲ್ಲಿದ್ದಾರಮ್ಮ ಜನ? ಏಳು ಜನ ಎಲ್ಲಿ?"

"ಬರ್ತಾರೆ ಮಾವ. ಅವರವರ ಹೊತ್ತಿಗೆ." ಅವಳು ಮೆಲ್ಲಗೆ ಗೋಡೆಯತ್ತ ಕೈ ತೋರಿಸಿದಳು. ಅಲ್ಲೊಂದು ದೊಡ್ಡ ಹಾಳೆ, ಗೆರೆ ಎಳೆದು ಬರೆದದ್ದು. ಪಿಂಗಾಣಿಯಕ್ಕ, ಐದೂವರೆಯಿಂದ ಹನ್ನೊಂದು. ಮೇಣದವರು ಇಬ್ಬರು, ಹತ್ತರಿಂದ ಐದು. ಪಾಲಿಶಣ್ಣ, ಹನ್ನೆರಡರಿಂದ ಎಂಟು. ಯಜಮಾನರ ಕಣ್ಣು ಅಲ್ಲಿಂದ ಕೆಳಗಿಳಿಯಲಿಲ್ಲ.

"ಐದೂವರೆ? ಬೆಳಗಿನ ಜಾವ ಐದೂವರೆಗೆ ಬಾಗಿಲು ತೆಗೆಯೋರು ಯಾರು?"

"ಅಕ್ಕನ ಹತ್ರ ಒಂದು ಕೀ ಇದೆ."

"ನನ್ನ ಲ್ಯಾಬಿನ ಕೀ?" ಯಜಮಾನರು ಊರುಗೋಲನ್ನು ನೆಲಕ್ಕೆ ಕುಟ್ಟಿದರು. "ಹಾಗಾದ್ರೆ ದಿನಾ ಬೆಳಿಗ್ಗೆ ಗುಂಯ್ ಅಂತ ಸದ್ದು ಬರ್ತಿತ್ತಲ್ಲ, ಪಕ್ಕದ ಮನೆ ನೀರಿನ ಪಂಪು ಅಂದ್ರಲ್ಲ ಎಲ್ಲರೂ?"

ಪಿಂಗಾಣಿಯಕ್ಕ ತಲೆಯೆತ್ತದೆ ಹೇಳಿದಳು: "ಕುಲುಮೆ ಸರ್."

ಮನೆಯೊಳಗೇ ಇಷ್ಟು ದೊಡ್ಡ ಮೋಸವೇ! ಹೆಂಡತಿ, ಮಗ, ಸೊಸೆ, ಕೊನೆಗೆ ಎಂಬತ್ತೆರಡರ ತಾಯಿ ಕೂಡ "ಹೌದು ಕಣೋ, ಪಂಪೇ" ಎಂದಿದ್ದಳು. ಯಜಮಾನರು ಹಾಳೆಯನ್ನು ಗೋಡೆಯಿಂದ ಕಿತ್ತು, ನಡುವೆ ಸೀಳಿ, ನೆಲಕ್ಕೆ ಬಿಸಾಡಿದರು. "ನಾಳೆಯಿಂದ ಒಂಬತ್ತರಿಂದ ಆರು. ಎಲ್ಲರೂ. ಕೊಡಮ್ಮ ಕೀ."

ಪಿಂಗಾಣಿಯಕ್ಕ ಕುಂಚ ತೊಳೆದು, ಒರೆಸಿಟ್ಟು, ಪರ್ಸಿನಿಂದ ಕೀ ತೆಗೆದು ಅವರ ಅಂಗೈಯಲ್ಲಿಟ್ಟಳು.

ಮಧ್ಯಾಹ್ನ ಊಟದ ಮೇಜಿನ ಮುಂದೆ ಮಹಾಯುದ್ಧವಾಯಿತು. ಮಗ ಸ್ಕೂಟರಿನಲ್ಲಿ ಕ್ಲಿನಿಕ್ಕುಗಳಿಗೆ ಹಲ್ಲು ತಲುಪಿಸಿ ಆಗಷ್ಟೇ ಬಂದಿದ್ದ, ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡೇ ಕೂತ, ಯಾವ ಗಳಿಗೆಯಲ್ಲಾದರೂ ಎದ್ದು ಓಡುವವನ ಹಾಗೆ.

"ನಿಂಗೂ ಗೊತ್ತಿತ್ತಾ?"

"ಗೊತ್ತಿರ್ಲಿಲ್ಲ ಅಂತಲ್ಲ ಅಪ್ಪ."

"ಹಾಗಂದ್ರೆ ಏನೋ? ಗೊತ್ತಿತ್ತು ಅಂತ ಬೊಗಳು."

"ಗೊತ್ತಿತ್ತು."

ಸೊಸೆ ತಟ್ಟೆಗೆ ಬೇಯಿಸಿದ ಆಲೂಗಡ್ಡೆ ಹಾಕುತ್ತ ಹೇಳಿದಳು: "ಮಾವ, ನೀವು ಬಿದ್ದ ವಾರವೇ ಪಿಂಗಾಣಿಯಕ್ಕ ಕೆಲಸ ಬಿಡ್ತೀನಿ ಅಂದ್ರು. ಅವರಪ್ಪಂಗೆ ಪಾರ್ಶ್ವವಾಯು. ಹನ್ನೊಂದರವರೆಗೆ ಪಕ್ಕದ ಮನೆಯವರು ನೋಡ್ಕೋತಾರೆ, ಆಮೇಲೆ ಇವರೇ ಇರ್ಬೇಕು. ಬೆಳಿಗ್ಗೆ ಬೇಗ ಬನ್ನಿ ಅಂದೆ. ಬಂದ್ರು. ಮೊದಲ ವಾರ ಒಂದು ಹಲ್ಲೂ ವಾಪಸ್ ಬರ್ಲಿಲ್ಲ. ನನಗೇ ಆಶ್ಚರ್ಯ ಆಯ್ತು."

"ಅದು ಗಂಟೆಯಿಂದ."

"ಗಂಟೆ ಹೊಡೆಯೋವಾಗ ಯಾರಿದ್ರು ಮಾವ ಕೆಳಗೆ?"

ಯಜಮಾನರು ಆಲೂಗಡ್ಡೆಯನ್ನು ಚಮಚದಿಂದ ಹಿಸುಕಿದರು. "ಮಾತಿಗೆ ಮಾತು ಜೋಡಿಸ್ಬೇಡ. ಇವತ್ತು ಒಬ್ಬಳಿಗೆ ಬಿಟ್ರೆ ನಾಳೆ ಇನ್ನೊಬ್ಬ ಕೇಳ್ತಾನೆ."

"ಕೇಳಿದ್ರು, ಕೊಟ್ಟೆ. ಪಾಲಿಶಣ್ಣನ ಹೆಂಡತಿಗೆ ಬೆಳಗಿನ ಡ್ಯೂಟಿ, ಮಗು ನೋಡ್ಕೊಳ್ಳೋಕೆ ಇವರಿರ್ಬೇಕು. ಹನ್ನೆರಡಕ್ಕೆ ಬರ್ಲಾ ಅಂದ್ರು. ಬನ್ನಿ ಅಂದೆ."

"ಧರ್ಮಛತ್ರ ನಡೆಸ್ತಿದ್ದೀಯಾ?"

"ನಿಮ್ಮ ವಾಪಸ್ ಡಬ್ಬಿ ತೆಗೆದು ನೋಡಿ ಮಾವ."

ಸರಿಯಾಗಿ ಕೂರದೆ ಡಾಕ್ಟರುಗಳು ತಿರುಗಿ ಕಳಿಸಿದ ಹಲ್ಲುಗಳನ್ನು ಹಾಕಿಡುವ ಬಿಸ್ಕತ್ತಿನ ಡಬ್ಬಿ ಅದು. ವಾರಕ್ಕೆ ಏಳೆಂಟು ಬೀಳುತ್ತಿದ್ದವು, ಅಷ್ಟು ಸಹಜವೆಂದೇ ಯಜಮಾನರು ನಂಬಿದ್ದರು. ಊಟವಾದ ಮೇಲೆ ಕುಂಟುತ್ತ ಇಳಿದು ಹೋಗಿ ಮುಚ್ಚಳ ತೆಗೆದರೆ, ಒಂಬತ್ತು ವಾರಕ್ಕೆ ಒಟ್ಟು ಮೂರು ಹಲ್ಲು. ಬಚ್ಚಿಟ್ಟಿರಬೇಕು ಎಂದುಕೊಂಡು ಕಪಾಟುಗಳನ್ನೆಲ್ಲ ಜಾಲಾಡಿದರು. ಎಲ್ಲೂ ಇರಲಿಲ್ಲ.

ಆದರೂ ಹಿಡಿದ ಪಟ್ಟು ಬಿಡಲಿಲ್ಲ. ಸಂಜೆ ಮೇಜಿನ ಮುಂದೆ ಅವರ ತಾಯಿ ಸಿಪ್ಪೆ ಸಹಿತ ಕ್ಯಾರೆಟ್ಟನ್ನು ಕಟುಂ ಎಂದು ಕಡಿದು ತಿನ್ನುತ್ತಿದ್ದುದು ಕಣ್ಣಿಗೆ ಬಿತ್ತು. ಆಕೆಯ ಹಲ್ಲಿನ ಸೆಟ್ಟನ್ನು ಹನ್ನೊಂದು ವರ್ಷದ ಹಿಂದೆ ಖುದ್ದು ಯಜಮಾನರೇ ಮಾಡಿದ್ದು. "ನೋಡಿ, ಎಲ್ಲರೂ ನೋಡಿ," ಎಂದು ಬೆರಳು ಚಾಚಿದರು, "ಇದು ಒಂಬತ್ತರಿಂದ ಆರು ಕೆಲಸ ಮಾಡಿದ ಕೈ. ಹನ್ನೊಂದು ವರ್ಷ ಆಯ್ತು, ಅಲ್ಲಾಡಿಲ್ಲ."

ಅಜ್ಜಿ ಕ್ಯಾರೆಟ್ ಅಗಿಯುವುದನ್ನು ನಿಲ್ಲಿಸಿ ಸೊಸೆಯ ಮುಖ ನೋಡಿದಳು. ಆಮೇಲೆ ಮತ್ತೆ ಅಗಿದಳು.

ಮರುದಿನ ಒಂಬತ್ತಕ್ಕೆ ಏಳು ಸ್ಟೂಲೂ ತುಂಬಿದವು. ಯಜಮಾನರೇ ಗಂಟೆ ಹೊಡೆದರು. ಜೀವ ತಣ್ಣಗಾಯಿತು. ಆ ತಂಪು ಎರಡು ಗಂಟೆಗಿಂತ ಹೆಚ್ಚು ನಿಲ್ಲಲಿಲ್ಲ. ಹನ್ನೊಂದಾಗುತ್ತಲೇ ಪಿಂಗಾಣಿಯಕ್ಕ ಎದ್ದು ನಿಂತಳು.

"ಅಪ್ಪ ಒಬ್ಬರೇ ಇದ್ದಾರೆ ಸರ್."

"ಅರ್ಧ ದಿನ ಕಟ್ ಆಗುತ್ತಮ್ಮ."

"ಆಗ್ಲಿ ಸರ್."

ಬುಧವಾರವೂ ಹಾಗೇ ಆಯಿತು. ಗುರುವಾರ ಆಕೆ ಬರಲೇ ಇಲ್ಲ. "ಬರ್ತಾಳೆ ಬಿಡಿ, ಎಲ್ಲಿಗೆ ಹೋಗ್ತಾಳೆ?" ಎಂದರು ಯಜಮಾನರು. ಶುಕ್ರವಾರ ಆಕೆಯ ಸ್ಟೂಲಿನ ಮೇಲೆ ಮೇಣದವರು ಊಟದ ಡಬ್ಬಿ ಇಟ್ಟುಕೊಂಡರು.

ಇತ್ತ ಮನೆಯಲ್ಲಿ ಇನ್ನೊಂದು ಸಿಡಿಲು. ಸೊಸೆ ಕೂಗಾಡಲೂ ಇಲ್ಲ, ಅಳಲೂ ಇಲ್ಲ. ಒಂಬತ್ತಕ್ಕೆ ಇಳಿದು ಹೋಗಿ ಆರಕ್ಕೆ ಹತ್ತಿ ಬರತೊಡಗಿದಳು, ಅಷ್ಟೆ. ಮೊದಲು ಹನ್ನೊಂದಕ್ಕೆ ಮೇಲೆ ಬಂದು ಅಜ್ಜಿಗೆ ಮಾತ್ರೆ ಕೊಡುತ್ತಿದ್ದಳು, ಒಗೆದ ಬಟ್ಟೆ ಹರವುತ್ತಿದ್ದಳು, ಮೂರೂವರೆಗೆ ಮಗಳನ್ನು ಶಾಲೆಯಿಂದ ಕರೆತರುತ್ತಿದ್ದಳು. ಈಗ ಯಾವುದೂ ಇಲ್ಲ.

"ಮಗೂನ ಯಾರು ಕರ್ಕೊಂಡ್ ಬರೋರು?" ಎಂದು ಯಜಮಾನರು ಬೆಚ್ಚಿಬಿದ್ದು ಕೇಳಿದರು.

"ಗೊತ್ತಿಲ್ಲ ಮಾವ. ನನ್ನ ಡ್ಯೂಟಿ ಆರರವರೆಗೆ."

"ನೀನು ಮನೆಯವಳು. ನಿನಗೂ ಅವರಿಗೂ ಹೋಲಿಕೆಯಾ?"

"ಎಲ್ಲರೂ ಅಂದ್ರಲ್ಲ ನೀವು. ನಾನು ಎಲ್ಲರಲ್ಲಿ ಇಲ್ವಾ?"

ಮಗ ಸ್ಕೂಟರಿನ ಮೇಲೆ ಊರ ಆಚೆ ತುದಿಯಲ್ಲಿದ್ದ. ಹೆಂಡತಿಗೆ ಮೊಣಕಾಲು ನೋವು, ಅಷ್ಟು ದೂರ ನಡೆಯಲಾಗದು. ಕೊನೆಗೆ ಮೂರೂ ಕಾಲು ಗಂಟೆಗೆ ಯಜಮಾನರೇ ಊರುಗೋಲು ಹಿಡಿದು ಹೊರಟರು. ಬಾಗಿಲು ದಾಟುವಾಗ ಬೆನ್ನ ಹಿಂದೆ ಪಾಲಿಶ್ ಮೋಟಾರಿನ ಸದ್ದು ನಿಂತಿತು. ತಿರುಗಿದರೆ ಪಾಲಿಶಣ್ಣ ಗೋಡೆ ಗಡಿಯಾರವನ್ನೇ ನೋಡುತ್ತಿದ್ದ. ಮಗುವನ್ನು ಅತ್ತೆಯ ಮನೆಯಲ್ಲಿ ಬಿಟ್ಟು ಒಂಬತ್ತಕ್ಕೆ ಬರುತ್ತಿದ್ದ ಆ ಮನುಷ್ಯ ಮತ್ತೆ ಮೋಟಾರು ಹಾಕಿದ.

ದಾರಿಯಲ್ಲಿ ಆರು ವರ್ಷದ ಮೊಮ್ಮಗಳು ಕೇಳಿದಳು: "ತಾತ, ಇವತ್ತು ನಿಮಗೆ ಅರ್ಧ ದಿನ ಕಟ್ಟಾ?"

"ಬಾಯ್ಮುಚ್ಕೊಂಡು ನಡಿ."

"ಅಮ್ಮ ಬಾಯ್ಮುಚ್ಕೊಂಡು ಅನ್ಬಾರ್ದು ಅಂದಿದ್ದಾಳೆ."

ಪಿಂಗಾಣಿ ಹಚ್ಚುವ ಕೆಲಸ ಈಗ ಮೇಣದವರ ಪಾಲಿಗೆ ಬಂದಿತ್ತು. ಎರಡನೆಯ ವಾರ ವಾಪಸ್ ಡಬ್ಬಿಯಲ್ಲಿ ಐದು ಹಲ್ಲು, ಮೂರನೆಯ ವಾರ ಹನ್ನೊಂದು. ಯಜಮಾನರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿದರೆ, ಬೆಳ್ಳನೆಯ ಪಿಂಗಾಣಿಯೊಳಗೆ ಸಣ್ಣ ಸಣ್ಣ ಕಪ್ಪು ಚುಕ್ಕಿ.

"ಇದು ಮತ್ತೆ ಎಲ್ಲಿಂದ ಬಂತು? ನಾನು ಮಲಗಿದ್ದಾಗ ಇರ್ಲಿಲ್ವಲ್ಲ!"

"ಅದಕ್ಕೆ ಮುಂಚೆಯೆಲ್ಲ ಇತ್ತಲ್ಲ ಸರ್," ಎಂದ ಮೇಣದವರಲ್ಲಿ ಹಿರಿಯ. "ಅಲ್ಲಿ ಪಾಲಿಶ್ ಮಾಡಿದ ಧೂಳು ಇಲ್ಲಿ ಹಸಿ ಪಿಂಗಾಣಿ ಮೇಲೆ ಕೂರುತ್ತೆ. ಸುಟ್ಟ ಮೇಲೆ ಕಪ್ಪಗಾಗುತ್ತೆ. ಅಕ್ಕ ಬೆಳಿಗ್ಗೆ ಮುಗಿಸಿ ಹೋಗ್ತಿದ್ರು, ಪಾಲಿಶ್ ಮಧ್ಯಾಹ್ನ ಶುರುವಾಗ್ತಿತ್ತು. ಧೂಳೇ ಇರ್ಲಿಲ್ಲ ಆಗ. ಕುಲುಮೆಗೂ ಅಷ್ಟೇ, ಈಗ ನೋಡಿ, ಹತ್ತಕ್ಕೆಲ್ಲ ನಾಲ್ಕು ಟ್ರೇ ಕ್ಯೂ ನಿಂತಿವೆ."

"ಇಪ್ಪತ್ತಾರು ವರ್ಷ ಯಾಕೆ ಹೇಳ್ಲಿಲ್ಲ ಇದನ್ನ?"

"ನೀವು ಗಂಟೆ ಹೊಡೀತಿದ್ರಿ ಸರ್. ನಾವು ಬಂದು ಕೂತ್ಕೋತಿದ್ವಿ." ಆತ ಅಮಾಯಕನಂತೆ ನಕ್ಕ. ಯಜಮಾನರು ಭೂತಗನ್ನಡಿಯನ್ನು ಕೆಳಗಿಟ್ಟರು. ಇಪ್ಪತ್ತಾರು ವರ್ಷದಿಂದ ಆ ಚುಕ್ಕಿಗಳನ್ನು ಪುಡಿಯ ದೋಷ ಎಂದುಕೊಂಡು ಪುಡಿ ಮಾರುವವರ ಜೊತೆ ಜಗಳ ಆಡಿದ್ದರು.

ಅದೇ ಶನಿವಾರ ನಾಲ್ಕು ಕ್ಲಿನಿಕ್ಕಿನ ಡಾಕ್ಟರಮ್ಮನ ಫೋನು ಬಂತು. ಈ ಸಲ ಹೊಗಳಿಕೆ ಇರಲಿಲ್ಲ. "ಒಬ್ಬಳು ಹುಡುಗಿ, ಮುಂದಿನ ವಾರ ಅವಳ ಮದುವೆ. ಮುಂದಿನ ಹಲ್ಲಲ್ಲೇ ಕಪ್ಪು ಚುಕ್ಕಿ. ಹ್ಯಾಗ್ರೀ ಹಾಕ್ಲಿ? ಗುರುವಾರದೊಳಗೆ ಮೊದಲಿನ ಹಾಗೆ ಮಾಡಿ ಕಳಿಸಿದ್ರೆ ಸರಿ. ಇಲ್ದಿದ್ರೆ ಸೇತುವೆ ಆಚೆ ಲ್ಯಾಬಿಗೆ ಕೊಡ್ತೀನಿ. ನಾಲ್ಕು ಕ್ಲಿನಿಕ್ಕೂ."

ಲ್ಯಾಬಿನ ಅರ್ಧ ಕೆಲಸ ಹೋದರೆ ಏಳು ಸ್ಟೂಲುಗಳಲ್ಲಿ ಮೂರೋ ನಾಲ್ಕೋ ಉಳಿದಾವು. ಯಜಮಾನರು ಆ ಹಲ್ಲನ್ನು ತಾವೇ ಮಾಡುತ್ತೇನೆಂದು ಕುಂಚ ಹಿಡಿದರು. ಭಾನುವಾರ ಇಡೀ ಕೂತರು, ಧೂಳೂ ಇರಲಿಲ್ಲ, ಗಲಾಟೆಯೂ ಇರಲಿಲ್ಲ. ಆದರೆ ಕೈ ನಡುಗಿತು, ಬಣ್ಣ ಕೂಡಲಿಲ್ಲ. ಮೂರು ಮಾಡಿ ಮೂರನ್ನೂ ಡಬ್ಬಿಗೆ ಹಾಕಿದರು.

ಸೋಮವಾರ ಬೆಳಿಗ್ಗೆ ಮುಖ ಸಪ್ಪಗೆ ಮಾಡಿಕೊಂಡು ಅಡುಗೆಮನೆಯಲ್ಲಿ ಕೂತರು. ಎದುರಿಗೆ ಅಜ್ಜಿ ಸೇಬು ಹಿಡಿದಿದ್ದಳು, ಹೆಚ್ಚಿದ್ದಲ್ಲ, ಇಡೀ ಸೇಬು. ಕಚಕ್ಕೆಂದು ಕಚ್ಚಿದಳು.

"ನನ್ನ ಕೈ ಕೆಟ್ಟುಹೋಯ್ತು ಅಮ್ಮ," ಎಂದರು ಯಜಮಾನರು. "ನಿನ್ನ ಸೆಟ್ಟು ಮಾಡಿದ ಕೈ ಇದೇನಾ ಅನ್ಸುತ್ತೆ."

ಅಜ್ಜಿ ತುತ್ತು ನುಂಗಿ, ಸೇಬನ್ನು ತಟ್ಟೆಯ ಮೇಲಿಟ್ಟಳು. "ಇದು ನೀನು ಮಾಡಿದ್ದಲ್ಲ ಕಣೋ."

"ಏನಂದೆ?"

"ಇದು ಆ ಹುಡುಗಿ ಮಾಡಿದ್ದು, ನಿನ್ನ ಪಿಂಗಾಣಿಯವಳು. ನೀನು ಮಲಗಿದ್ದಾಗ." ಅಜ್ಜಿ ಎದ್ದು ಹೋಗಿ ತನ್ನ ದಿಂಬಿನ ಕೆಳಗಿಂದ ಒಂದು ಡಬ್ಬಿ ತಂದು ಮುಂದಿಟ್ಟಳು. ಒಳಗೆ ಹಳೆಯ ಸೆಟ್ಟು. "ನಿಂದು ಇಲ್ಲಿದೆ. ಹನ್ನೊಂದು ವರ್ಷ ಒಸಡು ಹರಿದು ಹುಣ್ಣಾಗ್ತಿತ್ತು. ನೀನು ಮೇಜಿಗೆ ಬಂದಾಗ ಹಾಕ್ಕೋತಿದ್ದೆ, ನೀನು ಎದ್ದು ಹೋದ ತಕ್ಷಣ ತೆಗೀತಿದ್ದೆ. ಸೂಪು ಕುಡ್ಕೊಂಡೇ ಬದುಕಿದೆ."

ಯಜಮಾನರು ಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದರು. ಹನ್ನೊಂದು ವರ್ಷ! ಎಷ್ಟು ಜನರ ಮುಂದೆ ಈ ತಾಯಿಯ ಬಾಯಿ ತೆರೆಸಿ ತೋರಿಸಿದ್ದರು!

"ಯಾಕಮ್ಮ ಹೇಳ್ಲಿಲ್ಲ?"

"ಯಾವಾಗ ಹೇಳ್ಲಿ? ಸೆಟ್ಟು ತಂದ ದಿನ ನೀನು ಗಡಿಯಾರ ನೋಡ್ತಿದ್ದೆ. ಐದೂ ಮುಕ್ಕಾಲಾಗಿತ್ತು. ಒಂದೇ ಸಲ ಹಾಕಿ ನೋಡ್ದೆ, ಸರಿಯಿದೆ ಅಂದೆ, ಗಂಟೆ ಹೊಡೆಯೋಕೆ ಓಡ್ದೆ." ಅಜ್ಜಿಯ ದನಿಯಲ್ಲಿ ಕೋಪವಿರಲಿಲ್ಲ, ಅದೇ ಇನ್ನೂ ಕಷ್ಟವಾಯಿತು. "ನೊಂದ್ಕೋಬೇಡ. ಸೇಬು ತಿಂತೀಯಾ?"

ಅವರ ಕಣ್ಣು ತುಂಬಿ ಬಂತು. ಅಂದು ಒಂಬತ್ತು ಹೊಡೆದದ್ದು ಅವರಿಗೆ ಗೊತ್ತಾಗಲಿಲ್ಲ, ಯಾರೂ ಗಂಟೆ ಬಾರಿಸಲೂ ಇಲ್ಲ.

ಹನ್ನೊಂದೂವರೆಗೆ ಅವರು ಪಿಂಗಾಣಿಯಕ್ಕನ ಮನೆಯ ಬಾಗಿಲು ತಟ್ಟಿದರು. ಎರಡು ಕೋಣೆಯ ಮನೆ. ಮಂಚದ ಮೇಲೆ ಅವಳ ತಂದೆ ದಿಂಬಿಗೊರಗಿ ಕೂತಿದ್ದರು. ಆಕೆ ಗಂಜಿ ತಿನ್ನಿಸುತ್ತಿದ್ದಳು, ಬಾಯಿಯ ಒಂದು ಕಡೆಯಿಂದ ಸೋರಿದ್ದನ್ನು ಅದೇ ಚಮಚದಿಂದ ಎತ್ತಿಕೊಳ್ಳುತ್ತಿದ್ದಳು, ಹಲ್ಲಿಗೆ ಪಿಂಗಾಣಿ ಹಚ್ಚುವಷ್ಟೇ ನಾಜೂಕಾಗಿ.

"ಕೂತ್ಕೊಳ್ಳಿ ಸರ್. ಕಾಲು ಹೇಗಿದೆ?"

"ನಮ್ಮ ಅಮ್ಮನ ಸೆಟ್ಟು ನೀನು ಮಾಡಿದ್ದಂತೆ."

ಆಕೆಯ ಚಮಚ ಅರೆಕ್ಷಣ ನಿಂತಿತು. "ಬಯ್ಬೇಡಿ ಸರ್. ಅವರೂ ಐದಕ್ಕೇ ಏಳೋರು, ಚಹಾ ಹಿಡ್ಕೊಂಡು ಕೆಳಗೆ ಬರೋರು. ಬಾಯಿ ನೋವು ಅಂದ್ರು. ಆರು ಸಲ ಹಾಕಿ, ತೆಗೆದು, ತಿದ್ದಿದ್ವಿ. ಆ ಹೊತ್ತಲ್ಲಿ ಅವಸರ ಇರಲ್ಲ ನೋಡಿ."

"ಆರು ಸಲ," ಎಂದರು ಯಜಮಾನರು. ಜೇಬಿನಿಂದ ಕೀ ತೆಗೆದು ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟರು. "ತಗೋಮ್ಮ. ನಿನ್ನ ಹೊತ್ತಿಗೆ ಬಾ. ಗುರುವಾರದೊಳಗೆ ಒಂದು ಹಲ್ಲು ಆಗ್ಬೇಕು, ಮದುವೆ ಹುಡುಗಿದು. ಕೈಮುಗೀತೀನಿ."

ಆಕೆ ಕೀಯನ್ನು ಮುಟ್ಟಲಿಲ್ಲ. "ಸೇತುವೆ ಆಚೆ ಲ್ಯಾಬಿನವರು ಮೊನ್ನೆ ಬಂದಿದ್ರು ಸರ್. ಯಾವಾಗ ಬೇಕಾದ್ರೂ ಬಾ, ಯಾವಾಗ ಬೇಕಾದ್ರೂ ಹೋಗು ಅಂದ್ರು. ನಾಳೆ ಉತ್ತರ ಹೇಳ್ತೀನಿ ಅಂದಿದೀನಿ."

"ನಾನೂ ಅದನ್ನೇ ಹೇಳ್ತಿದೀನಲ್ಲ!"

"ನೀವು ಇವತ್ತು ಹೇಳ್ತಿದೀರಿ. ನಾಳೆ ಕಾಲು ಪೂರ್ತಿ ಸರಿಹೋದ ಮೇಲೆ?" ಮಾತು ಮೆತ್ತಗಿತ್ತು, ಬಿಸಿ ಮಾತ್ರ ಸರಿಯಾಗಿ ಮುಟ್ಟಿತು. "ಕೀ ನನಗೆ ಕೊಟ್ಟಿದ್ದು ನಿಮ್ಮ ಸೊಸೆ ಸರ್. ಹಾಳೆ ಬರೆದಿದ್ದೂ ಅವರೇ. ಮತ್ತೆ ಅವರೇ ಬರೆದ್ರೆ ಬರ್ತೀನಿ. ಅವರನ್ನ ಕೇಳಿ." ಕೀಯನ್ನು ಎತ್ತಿ ಮತ್ತೆ ಯಜಮಾನರ ಕೈಗಿಟ್ಟಳು.

ಕೇಳುವುದು! ಮನೆಗೆ ಬಂದು ಎಂಟು ವರ್ಷವಾದ ಸೊಸೆಗೆ ಯಜಮಾನರು ಹೇಳಿದ್ದುಂಟು, ಕೂಗಿದ್ದುಂಟು, "ಆಯ್ತಾ?" ಎಂದದ್ದೂ ಉಂಟು. ಕೇಳಿದ್ದು ಒಂದು ಲೋಟ ನೀರು ಮಾತ್ರ.

ಅಂದು ಸಂಜೆ ಏಳಕ್ಕೆ ಎಲ್ಲರೂ ಊಟಕ್ಕೆ ಕೂತಿದ್ದರು. ಹೆಂಡತಿ ಬ್ರೆಡ್ಡು ಹಂಚಿದರು. ಮಗ ಈ ಸಲವೂ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಯಜಮಾನರು ಬ್ರೆಡ್ಡಿನ ಅಂಚನ್ನು ಮುರಿದು ಮುರಿದು ತಟ್ಟೆಯ ಸುತ್ತ ಇಟ್ಟರು, ಒಂದನ್ನೂ ಬಾಯಿಗಿಡಲಿಲ್ಲ.

"ನೋಡಮ್ಮ," ಎಂದರು. ನೀರು ಕುಡಿದರು. "ನಾಳೆ ನಾನು ಎಷ್ಟು ಗಂಟೆಗೆ ಬರ್ಲಿ?"

ಮಗನ ಹೆಲ್ಮೆಟ್ಟು ದಡಾರನೆ ನೆಲಕ್ಕೆ ಬಿತ್ತು. ಹೆಂಡತಿ ಸೌಟು ಹಿಡಿದ ಕೈಯನ್ನು ಹಾಗೆಯೇ ಮೇಲೆ ನಿಲ್ಲಿಸಿದರು. ಸೊಸೆ ಮಾವನ ಮುಖವನ್ನೇ ನೋಡಿದಳು. ಅವಳಿಗೂ ಗಾಬರಿಯೇ ಆಗಿತ್ತು.

"ಎಲ್ಲಿಗೆ ಮಾವ?"

"ಲ್ಯಾಬಿಗೆ. ಪಿಂಗಾಣಿಯಕ್ಕನಿಗೆ ನೀನು ಬರೆದುಕೊಡ್ಬೇಕಂತೆ, ಮೊದಲಿನ ಹಾಗೆ. ಎಲ್ಲರಿಗೂ ಬರಿ. ನನಗೂ ಒಂದು ಹೊತ್ತು ಬರಿ."

ಅವಳು ಎದ್ದಳು. ಅಡುಗೆಮನೆಯ ಕಪಾಟಿನ ಬಾಗಿಲು ತೆರೆದಳು. ಬಾಗಿಲ ಒಳಮೈಗೆ ಅದೇ ಹಾಳೆ ಅಂಟಿಸಿತ್ತು, ನಡುವೆ ಸೀಳಿದಲ್ಲಿ ಟೇಪು ಹಚ್ಚಿ. ಬಿಡಿಸಿ ತಂದು ಅವರ ತಟ್ಟೆಯ ಪಕ್ಕ ಇಟ್ಟಳು.

"ನಿಮ್ಮದು ಬರೆದು ಬಹಳ ದಿನ ಆಯ್ತು ಮಾವ. ಅವತ್ತು ನೀವು ಪೂರ್ತಿ ಓದ್ಲಿಲ್ಲ. ಕೊನೇ ಸಾಲು ನೋಡಿ."

ಯಜಮಾನರು ಕನ್ನಡಕ ಹಾಕಿಕೊಂಡರು. ಏಳು ಜನರ ಸಾಲು ಮುಗಿದ ಮೇಲೆ, ತಳದಲ್ಲಿ, ಉಳಿದವುಗಳಿಗಿಂತ ದಪ್ಪ ಅಕ್ಷರದಲ್ಲಿ ಇತ್ತು: ಮಾವ, ಹನ್ನೊಂದರಿಂದ ನಾಲ್ಕು. ಹೊರಗೆ ಹೋಗುವ ಪ್ರತಿ ಹಲ್ಲಿನ ಕೊನೆಯ ಪರೀಕ್ಷೆ. ಒಂದರಿಂದ ಒಂದೂವರೆ ಕಾಲು ಚಾಚಿ ಕೂರುವುದು. ಪಕ್ಕದಲ್ಲಿ ತಾರೀಕು. ಅವರು ಬಿದ್ದ ಎರಡನೆಯ ವಾರದ್ದು.

"ಇದು... ನಾನು ಏಳ್ತೀನೋ ಇಲ್ವೋ ಅಂತ ಡಾಕ್ಟ್ರಿಗೇ ಗೊತ್ತಿಲ್ದಾಗ?"

"ಏಳ್ದೇ ಏನು? ಯಾವ ಹಲ್ಲಲ್ಲಿ ಏನು ತಪ್ಪಿದೆ ಅಂತ ಕಂಡುಹಿಡಿಯೋ ಕಣ್ಣು ನಿಮಗೊಬ್ಬರಿಗೇ ಇರೋದು. ಬೆಳಗಿನ ಕೆಲಸ ಹನ್ನೊಂದಕ್ಕೆ ಮುಗಿಯುತ್ತೆ, ಆಗ ಬಂದ್ರೆ ಸರಿ. ಅದಕ್ಕಿಂತ ಮೊದಲು ಬಂದ್ರೆ ಕೈಗೆ ಅಡ್ಡ."

ಯಜಮಾನರು ಹಾಳೆಯ ಮೇಲಿನ ಟೇಪನ್ನು ಅಂಗೈಯಿಂದ ಸವರಿದರು. ಆ ಸೋಮವಾರ ತಾನು ಸೀಳಿದ್ದು ತನ್ನ ಹೆಸರನ್ನೂ ಸೇರಿಸಿ ಎಂಬುದು ತಲೆಗಿಳಿಯಲು ತುಸು ಹೊತ್ತು ಹಿಡಿಯಿತು. ಅಳುತ್ತಿದ್ದಾರೆ ಎಂದು ಮೊಮ್ಮಗಳು ಎಲ್ಲರಿಗೂ ಕೇಳುವಂತೆ ಹೇಳಿದಳು. ಯಾರೂ ಅವಳನ್ನು ಗದರಲಿಲ್ಲ. ಸೊಸೆ ಅಲ್ಲಿಂದಲೇ ಪಿಂಗಾಣಿಯಕ್ಕನಿಗೆ ಫೋನು ಮಾಡಿದಳು. ಕೀಯನ್ನು ಮಗ ಅದೇ ಹೆಲ್ಮೆಟ್ಟು ಹಾಕಿಕೊಂಡು ಹೋಗಿ ತಲುಪಿಸಿ ಬಂದ.

ಮದುವೆ ಹುಡುಗಿಯ ಹಲ್ಲು ಬುಧವಾರವೇ ಹೋಯಿತು. ಡಾಕ್ಟರಮ್ಮ ಫೋನು ಮಾಡಲಿಲ್ಲ, ಬದಲಿಗೆ ಶುಕ್ರವಾರ ಇಪ್ಪತ್ತು ಅಚ್ಚು ಕಳಿಸಿದಳು.

ಅದಕ್ಕೂ ಮೊದಲು, ಮಂಗಳವಾರ ಬೆಳಿಗ್ಗೆ, ಯಜಮಾನರು ಎಂದಿನಂತೆ ಎಂಟೂವರೆಗೆಲ್ಲ ಇಸ್ತ್ರಿ ಅಂಗಿ ತೊಟ್ಟು ತಯಾರಾಗಿ ಅಡುಗೆಮನೆಗೆ ಬಂದರು. ಕೆಳಗಿನಿಂದ ಗುಂಯ್ ಎಂಬ ಸದ್ದು ಬರುತ್ತಿತ್ತು. ಒಂಬತ್ತಕ್ಕೆ ಇನ್ನೊಂದೇ ನಿಮಿಷ ಇರುವಾಗ ಅವರ ಒಳ್ಳೆಯ ಕಾಲು ತಾನಾಗಿಯೇ ಮೆಟ್ಟಿಲ ಕಡೆ ಸರಿಯಿತು. ಹೆಂಡತಿ ಒಲೆಯ ಮೇಲಿನ ಹಾಲನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದರು.

"ಹೋಗಿ ಹೊಡೆದು ಬರ್ಲಾ ರೀ?"

ಅವರು ತಲೆಯಾಡಿಸಿ ಬೇಡವೆಂದರು. ಗೋಡೆಯ ಗಡಿಯಾರದಲ್ಲಿ ಒಂಬತ್ತಾಯಿತು, ಒಂಬತ್ತೂ ಒಂದಾಯಿತು. ಹಾಲು ಉಕ್ಕಲಿಲ್ಲ. ಅಜ್ಜಿ ಇಡೀ ಸೇಬೊಂದನ್ನು ಒರೆಸಿ ಯಜಮಾನರ ಕೈಗಿಟ್ಟಳು.

"ಕೂತ್ಕೊಳೋ," ಎಂದಳು. "ಇನ್ನೂ ಎರಡು ಗಂಟೆ ಇದೆ ನಿನಗೆ."

ಯಜಮಾನರು ಊರುಗೋಲನ್ನು ಗೋಡೆಗೊರಗಿಸಿ ತಾಯಿಯ ಪಕ್ಕ ಕೂತರು.